ಅಟ್ಟದ ಗೋಡೆಯ ನಂಬರುಗಳು

ಹೋದ ವರ್ಷ ಯುಗಾದಿ ಕಳೆದ ಮೇಲಿನ ಮಾತು. ಕಾಯಿ ಇಳಿಸಬೇಕು, ಅಟ್ಟ ಹತ್ತು ಅಂದರು ಅಪ್ಪ. ನಮ್ಮ ತಿಪಟೂರು ಸೀಮೆಯಲ್ಲಿ ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲೇ ಕೂತು ಕೊಬ್ಬರಿಯಾಗುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಗುಡುಗುಡು ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ ಅಂತ.

ನಾನಾಗ ಮನೆಯವರ ಲೆಕ್ಕದಲ್ಲಿ ವಾಸಿಯಾದ ಹುಡುಗ. ಡಿಪ್ಲೊಮಾ ಐದನೇ ಸೆಮಿಸ್ಟರಿನಲ್ಲಿ ಸೈಕೋಸಿಸ್ ಆಗಿತ್ತು: ಇಲ್ಲದ ದನಿ ಕೇಳುವುದು, ಇಲ್ಲದ್ದನ್ನು ನಿಜ ಅಂತ ನಂಬುವುದು. ತಾಯತ, ಯಂತ್ರ ಎಲ್ಲ ಮುಗಿದು ಕೊನೆಗೆ ಆಸ್ಪತ್ರೆ. ಅದಕ್ಕೆ ಕೊಡುವ ಓಲಾಂಜಪಿನ್ ಮಾತ್ರೆ ಶುರುವಾಗಿ ಒಂದೂವರೆ ತಿಂಗಳಿಗೆ ದನಿಗಳು ನಿಂತವು. 56 ಕೇಜಿ ಇದ್ದವನು 69 ಆದೆ. "ಈಗ ಗುಂಡ್ಕಲ್ಲಂಗವ್ನೆ" ಅಂತ ಅವ್ವ ಬಂದವರಿಗೆಲ್ಲ ಹೇಳೋಳು. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗ್ತಾನೆ, ಹಾಕಿದ್ದು ಉಣ್ತಾನೆ, ಕೂಗಾಟ ಇಲ್ಲ. ಹಾಕಿದ್ದು ಮುದ್ದೆಯೋ ಮಣ್ಣೋ ನಾಲಿಗೆಗೆ ತಿಳಿಯುತ್ತಿಲ್ಲ ಅಂತ ನಾನೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಕೂಗಾಡುವವನನ್ನು ಹತ್ತು ಜನ ಹಿಡಿಯುತ್ತಾರೆ. ಸುಮ್ಮನಿರುವವನ ಹತ್ತಿರ ಯಾರು ಬರುತ್ತಾರೆ?

ಏಣಿ ಹತ್ತಿ ಟಾರ್ಚ್ ಬಿಟ್ಟರೆ ಎದುರಿನ ಗೋಡೆ ತುಂಬ ಇದ್ದಿಲಿನಲ್ಲಿ ಬರೆದ ನಂಬರು. ಕೆಎ 44, ಕೆಎ 44, ಕೆಎ 06. ಅಕ್ಷರ ನಂದೇ. ಕಾಯಿಲೆ ಜೋರಾಗಿದ್ದಾಗ ಮೂರು ರಾತ್ರಿ ಅಲ್ಲಿ ಬಚ್ಚಿಟ್ಟುಕೊಂಡು, ರಸ್ತೆಯಲ್ಲಿ ನೋಡಿದ್ದ ಆಟೊ, ಟ್ರ್ಯಾಕ್ಟರು, ಬೈಕು ಎಲ್ಲದರ ನಂಬರು ಬರೆದಿದ್ದೆ. ಎರಡು ಸಾಲು. ಒಂದರ ಮೇಲೆ 'ಅವರು', ಇನ್ನೊಂದರ ಮೇಲೆ 'ಅವರಲ್ಲ'. 'ಅವರು' ಸಾಲಿನಲ್ಲಿ ಮೂರನೆಯದು ಅಪ್ಪನ ಟಿವಿಎಸ್.

ಒಂದು ಮಾತು ಹೇಳಿಬಿಡುತ್ತೇನೆ, ನಗಬೇಡಿ. ಹುಚ್ಚಿನಲ್ಲಿದ್ದಾಗ ನಾನು ಭಾರಿ ದೊಡ್ಡ ಮನುಷ್ಯ. ಇಡೀ ತಾಲ್ಲೂಕಿನ ಗಾಡಿಗಳಿಗೆ ನನ್ನ ಹಿಂದೆ ತಿರುಗುವುದೇ ಕೆಲಸ. ವಾಸಿಯಾದೆ ನೋಡಿ, ಒಬ್ಬನೂ ಹಿಂದೆ ಬರಲಿಲ್ಲ. ಉಳಿದದ್ದು ನಾಲ್ಕು ಬ್ಯಾಕ್ ಪೇಪರು, ಮೇಷ್ಟರ ಕಾಲರ್ ಹಿಡಿದ ನೆನಪು, ಅಪ್ಪನನ್ನೇ ಕಳ್ಳನ ಸಾಲಿಗೆ ಸೇರಿಸಿದ ಈ ಗೋಡೆ.

"ಯಾಕ್ಲಾ, ಸುಮ್ಕಾದೆ?" ಏಣಿ ಹಿಡಿದಿದ್ದ ಅಪ್ಪ ಕೆಳಗಿನಿಂದ ಕೇಳಿದರು.

"ಇಲ್ಲಿ ಬರ್ದಿದೀನಿ ಕಣಪ್ಪಾ…"

"ಗೊತ್ತು ಕಣ್ಲಾ, ಆವತ್ತೇ ನೋಡಿವ್ನಿ. ನನ್ ಗಾಡಿ ನಂಬ್ರದಾಗೆ ಒಂದ್ ಸೊನ್ನೆ ತೆಪ್ಪಾಗೈತೆ."

ನಗಿಸೋಕೆ ಹೇಳಿದ್ದು. ನನ್ನ ಬಾಯಿಂದ ಬಂದದ್ದು ಬೇರೆ: "ಆವಾಗ್ಲೇ ಸತ್ತಿದ್ರೆ ಚೆನ್ನಾಗಿತ್ತು ಅನ್ಸುತ್ತೆ. ದಿನಾ ಅನ್ಸುತ್ತೆ." ಅಪ್ಪ ಮೇಲೆ ಹತ್ತಿ ಬಂದು ಕಾಯಿ ರಾಶಿಯ ಮೇಲೆ ಪಕ್ಕದಲ್ಲೇ ಕೂತರು. ಮಾತಾಡಲಿಲ್ಲ. ಒಂದು ಕಾಯಿ ತೆಗೆದು ಅಲ್ಲಾಡಿಸುತ್ತಲೇ ಇದ್ದರು. ಆ ರಾತ್ರಿ ತೋಟದ ಔಷಧಿ ಡಬ್ಬಗಳೂ ನನ್ನ ಮಾತ್ರೆಗಳೂ ಬೀರುವಿಗೆ ಹೋಗಿ ಬೀಗ ಬಿತ್ತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಹಚ್ಚಿ ಅಪ್ಪನೇ ಮೊದಲು ಮಾತಾಡಿದರು.

ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋಚೈತನ್ಯ ಅನ್ನುವ ಸರ್ಕಾರಿ ಕಾರ್ಯಕ್ರಮದ ಮನಸ್ಸಿನ ಡಾಕ್ಟರು ಬಂದಿದ್ದರು. ನನ್ನ ಮಣಿಕಟ್ಟು ಹಿಡಿದು ಮಡಿಸಿ ಬಿಚ್ಚಿದರು, ನಡೆಸಿ ನೋಡಿದರು. ಮಾತ್ರೆಯಿಂದ ಮೈ ಬಿಗಿದರೂ, ಕಾಯಿಲೆಯೇ ಮನಸ್ಸನ್ನು ಬರಡು ಮಾಡಿದರೂ, ಖಿನ್ನತೆ ಬಂದರೂ ಹೊರಗಿನಿಂದ ನೋಡಿದವರಿಗೆ ಒಂದೇ ಥರ ಕಾಣುತ್ತದಂತೆ. ಸಾಯುವ ಯೋಚನೆ ಬರುತ್ತಾ ಅಂತ ಹವಾಮಾನ ವಿಚಾರಿಸಿದಷ್ಟು ಸಲೀಸಾಗಿ ಕೇಳಿದರು. ನನಗೆ ಅದೇ ಎಷ್ಟೋ ಹಗುರಾಯಿತು. ಬುದ್ಧಿ ತಿಳಿಯಾದಾಗಲೇ ನಡೆದದ್ದೆಲ್ಲ ಕಣ್ಣಿಗೆ ಕಟ್ಟುವುದು, ಹುಡುಗರು ಕುಸಿಯುವುದು ಆಗಲೇ ಅಂದರು. ಹಳೇ ಮಾತ್ರೆಯ ಡೋಸ್ ಇಳಿಸಿ ಖಿನ್ನತೆಗೆ ಸರ್ಟ್ರಲಿನ್ ಅನ್ನುವ ಮಾತ್ರೆ ಸೇರಿಸಿದರು, ಕೆಲವು ವಾರ ಕಾಯಬೇಕು ಅಂದರು.

ಆಮೇಲೆ ಓದಿದೆ: ಸ್ಕಿಜೋಫ್ರೇನಿಯಾ, ಅಂದರೆ ಸೈಕೋಸಿಸ್ ಬಹುಕಾಲ ಕಾಡುವ ಕಾಯಿಲೆ, ಅದರ ಬೆನ್ನಿಗೇ ಬರುವ ಖಿನ್ನತೆಗೆ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-10ರಲ್ಲಿ ಎಫ್ 20.4 ಅಂತ ನಂಬರಿದೆ. ನನ್ನ ಕಾಯಿಲೆಗೆ ಸ್ಕಿಜೋಫ್ರೇನಿಯಾ ಅನ್ನುವ ಹೆಸರನ್ನು ಡಾಕ್ಟರು ಇನ್ನೂ ಇಟ್ಟಿಲ್ಲ. ಆದರೂ, ಊರಿನವರಿಗೆಲ್ಲ ನಂಬರು ಕೊಟ್ಟವನಿಗೆ ಕೊನೆಗೆ ಯಾರೋ ಒಂದು ಕೊಟ್ಟರಲ್ಲ ಅಂತ ನಗು ಬಂತು.

ಆರನೇ ವಾರವೋ ಏಳನೇ ವಾರವೋ. ರಾತ್ರಿ ಊಟಕ್ಕೆ ಕೂತಿದ್ದೆ. "ಅವ್ವಾ, ಉಪ್ಪೆಸರಿಗೆ ಉಪ್ಪೇ ಇಲ್ಲ" ಅಂದೆ. ಸೌಟು ಕೈಯಲ್ಲಿ ಹಿಡಿದು ನಿಂತಿದ್ದ ಅವ್ವ ಅಪ್ಪನ ಮುಖ ನೋಡಿದಳು.