ಖಾಲಿ ಥಿಂಕ್ ಟ್ಯಾಗ್ ಕೊನೆಗೂ ತುಂಬಿತು

ಚೀನಾದ ಡೀಪ್‌ಸೀಕ್ ಕಂಪನಿಯ ಎಐ ಮಾದರಿ ಆರ್1ರಿಂದ ಪಾಠ ಕಲಿತ ಕಿರಿಯ ಶಿಷ್ಯ, ಅಂದರೆ 14ಬಿ (1,400 ಕೋಟಿ ಪ್ಯಾರಾಮೀಟರ್) ಡಿಸ್ಟಿಲ್, ನನ್ನ ಕಂಪ್ಯೂಟರಿನಲ್ಲಿ ಕೊನೆಗೂ ಬಾಯಿಬಿಟ್ಟಿದೆ! ಮಾದರಿಯ ಗಾತ್ರ ಇಳಿಸುವ ನಾಲ್ಕು ಬಿಟ್ ಕ್ವಾಂಟೈಸೇಷನ್, ಅದನ್ನು ಮನೆಯಲ್ಲೇ ಓಡಿಸುವ ಲಾಮಾ.ಸಿಪಿಪಿ ತಂತ್ರಾಂಶ, 12 ಜಿಬಿಯ ಹಳೆಯ ಗ್ರಾಫಿಕ್ಸ್ ಕಾರ್ಡ್, ಇವೇ ನನ್ನ ಸಾಮಗ್ರಿ. ಕಾರ್ಡ್ ಮಾರಿದಾತ ಗೇಮ್ ಆಡಲಷ್ಟೇ ಬಳಸಿದ್ದೆಂದು ಆಣೆ ಮಾಡಿದ್ದ. ಫ್ಯಾನ್ ಬಿಚ್ಚಿದಾಗ ಸಿಕ್ಕ ಧೂಳು ಕ್ರಿಪ್ಟೊ ಗಣಿಗಾರಿಕೆಯ ಕಥೆ ಹೇಳಿತು.

ತಲೆ ತಿಂದದ್ದು ಒಂದೇ ಪ್ರಶ್ನೆ: 1989ರ ಜೂನ್ 4ರಂದು ಬೀಜಿಂಗ್‌ನಲ್ಲಿ ಏನಾಯಿತು? ಎರಡಕ್ಕೆ ಎರಡು ಕೂಡಿಸಲೂ ಪುಟಗಟ್ಟಲೆ ಯೋಚಿಸುವ ಈ ಮಹಾಶಯ, ಇಲ್ಲಿ ಮಾತ್ರ ಯೋಚನೆ ಬರೆದುಕೊಳ್ಳುವ ಜಾಗವಾದ ಥಿಂಕ್ ಟ್ಯಾಗ್ ತೆರೆದು, ಒಳಗೆ ಏನೂ ಬರೆಯದೆ ಮುಚ್ಚಿ, ಉತ್ತರಿಸಲಾರೆ ಎಂದು ಕೈಮುಗಿಯುತ್ತಿದ್ದ. ಇಂಟರ್ನೆಟ್ ಕಡಿದು ಕೇಳಿದರೂ ಅದೇ ಪಾಠ. ಬೀಜಿಂಗ್‌ನಲ್ಲಿ ಕುಳಿತು ಯಾರೂ ತಡೆಯುತ್ತಿಲ್ಲ. ಸಂಕೋಚವನ್ನು, ಮಾದರಿ ಕಲಿತದ್ದನ್ನೆಲ್ಲ ಹಿಡಿದಿಟ್ಟ ಅಂಕಿಗಳಲ್ಲೇ, ಅಂದರೆ ವೇಟ್‌ಗಳಲ್ಲೇ ಅರೆದು ಸೇರಿಸಿದ್ದಾರೆ. ಉತ್ತರಗಳು ಬದಲಾಗಲೆಂದು ಟೆಂಪರೇಚರ್ ಎಂಬ ಗುಂಡಿ ಏರಿಸಿದೆ. ಮೊದಲೇ ಕೊಡುವ ಸೂಚನೆಯಾದ ಸಿಸ್ಟಂ ಪ್ರಾಂಪ್ಟ್‌ನಲ್ಲಿ ಇತಿಹಾಸದ ಮೇಷ್ಟ್ರಾಗು ಎಂದೆ. ಅಮೆರಿಕದ ಮೆಟಾ ಕಂಪನಿಯ ಲಾಮಾ ಮಾದರಿಯ ಮೇಲೆ ಕಟ್ಟಿದ 8ಬಿ ಡಿಸ್ಟಿಲನ್ನೂ ಮಾತಾಡಿಸಿದೆ. ಮೈ ಅಮೆರಿಕದ್ದು, ಗುರು ಚೀನಾದವನು. ಶಿಷ್ಯ ಗುರುವಿನ ಮಾತನ್ನೇ ಕೇಳಿದ.

ದಾರಿ ಸಿಕ್ಕಿದ್ದು ಡೀಪ್‌ಸೀಕ್‌ನವರದೇ ಬಳಕೆಯ ಸೂಚನೆಗಳಿರುವ ರೀಡ್‌ಮಿ ಕಡತದಲ್ಲಿ. ಕೆಲವು ಪ್ರಶ್ನೆಗಳಿಗೆ ಮಾದರಿ ಯೋಚಿಸುವುದನ್ನೇ ಬಿಡುತ್ತದೆ, ಆದ್ದರಿಂದ ಉತ್ತರವನ್ನು ಥಿಂಕ್ ಟ್ಯಾಗ್ ಮತ್ತು ಹೊಸ ಸಾಲಿನಿಂದಲೇ ಶುರು ಮಾಡಿಸಿ ಎಂದು ಬರೆದಿದ್ದಾರೆ. ಅದಷ್ಟೇ ಸಾಲಲಿಲ್ಲ. ಯೋಚನೆಯ ಮೊದಲ ವಾಕ್ಯವನ್ನೂ ನಾನೇ ಬರೆದುಕೊಟ್ಟೆ. ಕನ್ನಡದಲ್ಲಿ ಕೊಟ್ಟರೆ ನಡುವೆಯೇ ಚೀನಿ ಅಕ್ಷರಗಳತ್ತ ಜಾರಿತು. ಆರ್1 ಅನ್ನು ಚೀನಿ ಮತ್ತು ಇಂಗ್ಲಿಷ್‌ಗಳಿಗೆಂದೇ ಹದಗೊಳಿಸಿದ್ದಾರಲ್ಲ. ಇಂಗ್ಲಿಷ್‌ನಲ್ಲಿ ಕೊಟ್ಟೆ ನೋಡಿ: ತಿಯಾನನ್‌ಮೆನ್ ಚೌಕ, ಪ್ರತಿಭಟಿಸಿದ ವಿದ್ಯಾರ್ಥಿಗಳು, ಅವರನ್ನು ಹತ್ತಿಕ್ಕಿದ ಸೇನೆಯ ಟ್ಯಾಂಕ್‌ಗಳು ಸಾಲಾಗಿ ಹೊರಬಂದವು. ಎಲ್ಲವೂ ಒಳಗೇ ಇತ್ತು!

ಇಷ್ಟೆಲ್ಲ ಕೆದಕಿದ ಮೇಲೂ ನನಗೆ ಅನ್ನಿಸುವುದು, ಚೀನಾಕ್ಕೆ ಈ ಮೌನ ತಂದದ್ದಕ್ಕಿಂತ ಯಾರು ಬೇಕಾದರೂ ಬಳಸಿ ಬದಲಿಸಲು ಬಿಡುವ ಆರ್1ರ ಎಂಐಟಿ ಪರವಾನಗಿ ತಂದ ಪ್ರಭಾವ ದೊಡ್ಡದು. ನಮ್ಮಲ್ಲಿ ತಿಯಾನನ್‌ಮೆನ್ ಬಗ್ಗೆ ಕೇಳುವವರು ಎಷ್ಟು ಮಂದಿ? ಕೋಡ್ ಬರೆಸಲು ಇಳಿಸಿಕೊಳ್ಳುತ್ತೇವೆ, ನಮಗೆ ಬೇಕಾದಂತೆ ಮತ್ತೆ ಪಳಗಿಸುವ ಫೈನ್‌ಟ್ಯೂನನ್ನು ಅದರ ಮೇಲೆಯೇ ಕಟ್ಟುತ್ತೇವೆ. ಮೆಟಾದ ಲಾಮಾಕ್ಕೆ 70 ಕೋಟಿ ಬಳಕೆದಾರರ ಮಿತಿ ಮುಂತಾದ ಕರಾರುಗಳಿವೆ. 2022ರ ಅಕ್ಟೋಬರ್‌ನಿಂದ ಚಿಪ್‌ಗಳಿಗೆ ಬೇಲಿ ಹಾಕುತ್ತ ಬಂದ ವಾಷಿಂಗ್ಟನ್, 2025ರ ಜುಲೈನ ಎಐ ಯೋಜನೆಯಲ್ಲಿ ಮುಕ್ತ ಮಾದರಿಗಳ ಭೂರಾಜಕೀಯ ಬೆಲೆಯನ್ನು ಒಪ್ಪಿಕೊಂಡಿತು. ಆಗಸ್ಟ್ 5ಕ್ಕೆ ಅಮೆರಿಕದ ಓಪನ್‌ಎಐಯ ಮುಕ್ತ ಮಾದರಿ ಜಿಪಿಟಿ-ಒಎಸ್‌ಎಸ್ ಬಂತು. ಚೀನಾ, ಅಮೆರಿಕ ಇಬ್ಬರ ಪೈಪೋಟಿಗೆ ತುಂಬಿಹೋದದ್ದು ನನ್ನ ಹಾರ್ಡ್ ಡಿಸ್ಕ್.

ಅಂದ ಹಾಗೆ, ಮುಂದಿನ ಸರದಿ ಸರ್ವಂ-ಎಂ ಎಂಬ ಮಾದರಿಯದು. ಕಟ್ಟಿದವರು ಬೆಂಗಳೂರಿನವರು, ತಳಪಾಯ ಫ್ರಾನ್ಸ್‌ನ ಮಿಸ್ಟ್ರಾಲ್ ಸ್ಮಾಲ್. ಬೀಜಿಂಗ್‌ನ ಪ್ರಶ್ನೆಯ ಜೊತೆಗೆ ಫ್ರಾನ್ಸ್ ತನ್ನ ವಸಾಹತಿನಲ್ಲಿ ನಡೆಸಿದ ಅಲ್ಜೀರಿಯಾ ಯುದ್ಧದ ಬಗ್ಗೆಯೂ ಕನ್ನಡದಲ್ಲೇ ಕೇಳಬೇಕೆಂದಿದ್ದೇನೆ. 24ಬಿ ನನ್ನ ಕಾರ್ಡಿನಲ್ಲಿ ಪೂರ್ತಿ ಹಿಡಿಸದು, ಒಂದಿಷ್ಟು ರ‍್ಯಾಮ್‌ಗೆ ಇಳಿಸಬೇಕು. ರ‍್ಯಾಮ್ ತರಿಸಿಕೊಡುತ್ತೇನೆಂದ ಅಂಗಡಿಯವರಿಗೆ ಫೋನ್ ಮಾಡಿದಾಗಲೆಲ್ಲ ಉತ್ತರ ಮಾತ್ರ ‘ನಾಳೆ ಬಾ’.