ಹರಳು ಅಲ್ಲಿಗೆ, ನೀವು ಇಲ್ಲಿಗೆ

ನೆರೆಮನೆಯ ಹುಡುಗಿಗೆ ಪೊಟ್ಯಾಷ್ ಎಂಬ ಗೊಬ್ಬರದ ಹರಳು ತೆಗೆಯುವ ಗಣಿಯ ಬಗ್ಗೆ ಬರೆದುಕೊಂಡು ಬರಲು ಶಾಲೆಯಲ್ಲಿ ಹೇಳಿದ್ದರಂತೆ. ಅವಳ ಅಪ್ಪ ಗಣಿಯಲ್ಲೇ ಕೆಲಸಕ್ಕಿದ್ದಾರೆ, ಆದರೆ ರಾತ್ರಿ ಪಾಳಿ ಮುಗಿಸಿ ಮಲಗಿದ್ದರು. ಹಾಗಾಗಿ ನನ್ನ ಹತ್ತಿರ ಬಂದಳು. ನನಗೂ ಉತ್ಸಾಹ ಬಂತು. 1943ರಲ್ಲಿ, ನಾನೀಗ ಇರುವ ಕೆನಡಾದ ಈ ಸಾಸ್ಕಾಚೆವಾನ್ ಪ್ರಾಂತ್ಯದಲ್ಲಿ ಎಣ್ಣೆಗಾಗಿ ನೆಲ ಕೊರೆದಾಗ ಇದು ಸಿಕ್ಕಿದ್ದು, ಕಿಲೋಮೀಟರ್ ಆಳದಲ್ಲಿರುವ ಈ ಪದರ ಒಂದು ಕಾಲದ ಸಮುದ್ರ ಬತ್ತಿ ಉಳಿದ ಉಪ್ಪು ಎಂಬುದು, 1962ರಲ್ಲಿ ಇಲ್ಲಿನ ಎಸ್ಟರ್‌ಹೇಜಿ ಊರಿನಲ್ಲಿ ಗಣಿ ಶುರುವಾಗಿದ್ದು, ಎಲ್ಲವನ್ನೂ ಹೇಳಿದೆ. ಜಗತ್ತಿನಲ್ಲೇ ಹೆಚ್ಚು ಪೊಟ್ಯಾಷ್ ತೆಗೆಯುವ ದೇಶ ನಿಮ್ಮದು ಎಂದೆ. ಅದು ರೈಲಿನಲ್ಲಿ ವ್ಯಾಂಕೂವರ್ ಬಂದರಿಗೆ ಹೋಗಿ ಹಡಗು ಹತ್ತುತ್ತದೆ, ಭಾರತಕ್ಕೂ ಹೋಗುತ್ತದೆ, ಅಲ್ಲಿ ನಮಗೆ ಬೇಕಾದದ್ದು ಬಹುತೇಕ ಎಲ್ಲವೂ ಆಮದೇ ಎಂದೆ. ಮರಳು ಮಿಶ್ರಿತ ಹೊಲಗಳನ್ನು ಬಿಟ್ಟರೆ ಇಲ್ಲಿಯ ಬಯಲಿಗೆ ಅದು ಅಷ್ಟಾಗಿ ಬೇಕಿಲ್ಲ ಎಂಬುದನ್ನೂ ಸೇರಿಸಿದೆ.

ಅವಳು ಬರೆಯುವುದನ್ನು ನಿಲ್ಲಿಸಿ ಕೇಳಿದಳು: "ಇದು ಬೇಕಿರುವುದು ನಿಮ್ಮ ಊರಿನ ಮಣ್ಣಿಗೆ. ಹರಳೇನೋ ಅಲ್ಲಿಗೆ ಹೋಗುತ್ತದೆ. ನೀವು ಯಾಕೆ ಇಲ್ಲಿಗೆ ಬಂದಿರಿ?"

ಕೊಂಕಿಲ್ಲದೆ ಕೇಳಿದ ಮಾತು, ಅದಕ್ಕೇ ಚುಚ್ಚಿತು. ಪ್ರಯೋಗಾಲಯ, ಅನುದಾನ, ಹುದ್ದೆ ಎಂದು ದೊಡ್ಡವರಿಗೆ ಕೊಡುವ ಉತ್ತರವನ್ನು ಅವಳಿಗೆ ಕೊಡಲು ಮನಸ್ಸಾಗಲಿಲ್ಲ.

ನನ್ನ ವೃತ್ತಿಯೆಲ್ಲ ಪೊಟ್ಯಾಷ್‌ನಲ್ಲಿರುವ ಪೊಟ್ಯಾಸಿಯಂ ಎಂಬ ಈ ಒಂದು ಧಾತುವಿನ ಬೆನ್ನು ಹತ್ತಿಯೇ ಕಳೆದಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಓದುವಾಗ ರಾಗಿ ಮತ್ತು ಮುಸುಕಿನ ಜೋಳದ ದೀರ್ಘಾವಧಿ ಗೊಬ್ಬರ ಪ್ರಯೋಗದ ತಾಕುಗಳನ್ನು ನೋಡಿದೆ. 1986ರಿಂದ ನಡೆದುಬಂದ ಪ್ರಯೋಗ ಅದು. ಸಾರಜನಕವನ್ನಷ್ಟೇ ಉಣಿಸಿದ ತಾಕಿನಲ್ಲಿ ಪೈರು ಸೊರಗಿ ನಿಂತಿತ್ತು, ಪಕ್ಕದಲ್ಲೇ ಎಲ್ಲ ಪೋಷಕಾಂಶಗಳ ಜೊತೆ ಕೊಟ್ಟಿಗೆ ಗೊಬ್ಬರವೂ ಸಿಕ್ಕ ತಾಕು ತುಂಬಿಕೊಂಡಿತ್ತು. ಒಂದೇ ಮಣ್ಣು, ಒಂದೇ ಮಳೆ. ಅಂದಿನಿಂದ ನನಗೆ ಬೇರೆ ವಿಷಯ ರುಚಿಸಲಿಲ್ಲ.

ಪೊಟ್ಯಾಸಿಯಂ ಗಿಡದ ಯಾವ ಅಂಗದ ಕಟ್ಟಡದಲ್ಲೂ ಸೇರಿಕೊಳ್ಳುವುದಿಲ್ಲ, ರಸದಲ್ಲಿ ಕರಗಿಕೊಂಡೇ ಓಡಾಡುತ್ತದೆ. ಪತ್ರರಂಧ್ರಗಳು ತೆರೆದು ಮುಚ್ಚುವುದು ಅದರ ಬಲದಿಂದ, ಎಲೆಯಲ್ಲಿ ತಯಾರಾದ ಸಕ್ಕರೆ ಕಾಳಿಗೆ ಇಳಿಯುವುದೂ ಅದರ ನೆರವಿನಿಂದ. ಅರವತ್ತಕ್ಕೂ ಹೆಚ್ಚು ಕಿಣ್ವಗಳು ಅದಿಲ್ಲದೆ ಚುರುಕಾಗುವುದಿಲ್ಲ. ಕೊರತೆಯಾದಾಗ ಗಿಡ ಹಳೆಯ ಎಲೆಗಳಿಂದ ಕಿತ್ತು ಎಳೆಯವಕ್ಕೆ ಕೊಡುತ್ತದೆ. ಆದ್ದರಿಂದ ಮೊದಲು ಹಳದಿಯಾಗಿ ಸುಟ್ಟಂತಾಗುವುದು ಕೆಳಗಿನ ಎಲೆಗಳ ಅಂಚು. ನೋಡಿದವರು ಅದನ್ನು ಬಿಸಿಲಿನ ಹೊಡೆತ ಎಂದುಕೊಂಡು ಮುಂದೆ ಹೋಗುತ್ತಾರೆ.

ತುಮಕೂರು ಜಿಲ್ಲೆಯಲ್ಲಿ ಹೊಲ ನೋಡಿಕೊಳ್ಳುವ ನನ್ನ ತಮ್ಮನ ವಾದವೂ ಇದೇ. "ಅಣ್ಣಾ, ಯೂರಿಯಾ ಹಾಕಿದರೆ ನಾಲ್ಕು ದಿನಕ್ಕೆ ಹಸಿರು ಕಣ್ಣಿಗೆ ಹೊಡೆಯುತ್ತದೆ. ನಿನ್ನ ಪೊಟ್ಯಾಷ್ ಹಾಕಿದರೆ ಏನು ಕಾಣುತ್ತದೆ ಹೇಳು" ಎನ್ನುತ್ತಾನೆ. ಅವನನ್ನು ದೂರಿ ಫಲವಿಲ್ಲ. 2010ರ ಏಪ್ರಿಲ್‌ನಲ್ಲಿ ಪೋಷಕಾಂಶ ಆಧಾರಿತ ಸಹಾಯಧನ, ಅಂದರೆ ಗೊಬ್ಬರದಲ್ಲಿರುವ ಪೋಷಕಾಂಶದ ಲೆಕ್ಕದಲ್ಲಿ ಸರ್ಕಾರ ನಿಗದಿತ ಮೊತ್ತವನ್ನಷ್ಟೇ ಭರಿಸುವ ಪದ್ಧತಿ, ಜಾರಿಗೆ ಬಂದಾಗ ಯೂರಿಯಾವನ್ನು ಅದರಿಂದ ಹೊರಗಿಟ್ಟರು. ಪೊಟ್ಯಾಷ್ ಬೆಲೆ ಏರಿತು, ಬಳಕೆ ಕುಸಿಯಿತು. ಯೂರಿಯಾ ಮಾತ್ರ 45 ಕೆ.ಜಿ. ಚೀಲಕ್ಕೆ, ತೆರಿಗೆ ಮತ್ತು ಬೇವಿನ ಲೇಪನದ ಖರ್ಚು ಬಿಟ್ಟು, 242 ರೂಪಾಯಿಯಲ್ಲೇ ನಿಂತಿದೆ. ಹೀಗೆ ಬೆಲೆ ಕಟ್ಟಿ, ರೈತನಿಗೆ ಸಮತೋಲನದ ಪಾಠ ಹೇಳುವುದು ನ್ಯಾಯವಲ್ಲ.

ಹಿಂದೆ ನಮ್ಮ ಮನೆಯಲ್ಲಿ ಪೊಟ್ಯಾಷ್ ಎಂಬ ಹೆಸರೇ ಇರಲಿಲ್ಲ, ಆದರೆ ಅದು ಹೊಲಕ್ಕೆ ಹಿಂತಿರುಗುತ್ತಿತ್ತು. ಅಮ್ಮ ಬೆಳಿಗ್ಗೆ ಒಲೆಯ ಬೂದಿ ಬಾಚಿ ಮಂಕರಿಗೆ ತುಂಬಿ ತಿಪ್ಪೆಗೆ ಸುರಿಯುತ್ತಿದ್ದರು. ಬೂದಿ ಕೈಗೆ ಹತ್ತಿಕೊಂಡು, ನೀರು ತಾಗಿದರೆ ಸೋಪಿನಂತೆ ಜಾರುತ್ತಿತ್ತು. ಕೊಟ್ಟಿಗೆಯಲ್ಲಿ ಗಂಜಲ ಹೀರಿ ನೆಂದ ಹುಲ್ಲೂ ಅಲ್ಲಿಗೇ ಬೀಳುತ್ತಿತ್ತು. ದನ ತಿಂದ ಪೊಟ್ಯಾಸಿಯಂನಲ್ಲಿ ಹೆಚ್ಚಿನ ಪಾಲು ಗಂಜಲದಲ್ಲೇ ಹೊರಬರುತ್ತದೆ ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಈಗ ಗ್ಯಾಸ್ ಬಂದಿದೆ. ಅಮ್ಮನ ಕಣ್ಣಿಗೂ ಎದೆಗೂ ಒಳ್ಳೆಯದಾಯಿತು, ಆ ಹೊಗೆಯನ್ನು ನಾನು ಮತ್ತೆ ಬಯಸುವುದಿಲ್ಲ. ಆದರೆ ದನಗಳೂ ಹೋದವು, ಹುಲ್ಲು ಟ್ರ್ಯಾಕ್ಟರ್ ಲೆಕ್ಕದಲ್ಲಿ ಮಾರಾಟವಾಗುತ್ತದೆ, ತೆಂಗಿನ ಮಟ್ಟೆ ನಾರಿನ ಕಾರ್ಖಾನೆಗೆ ಹೋಗುತ್ತದೆ. ಧಾನ್ಯದ ಪೈರು ಹೀರಿದ ಪೊಟ್ಯಾಸಿಯಂನಲ್ಲಿ ಮುಕ್ಕಾಲು ಪಾಲು ಇರುವುದು ಹುಲ್ಲಿನಲ್ಲೇ. ಹುಲ್ಲು ಮಾರಿದವನು ಹೊಲವನ್ನೇ ಚೂರು ಚೂರಾಗಿ ಮಾರುತ್ತಿದ್ದಾನೆ.

ಮಣ್ಣು ಪರೀಕ್ಷೆಯ ಚೀಟಿಯ ಮೇಲೂ ನನ್ನದೊಂದು ತಕರಾರಿದೆ. ಅದು ತೋರಿಸುವುದು ಗಿಡಕ್ಕೆ ಕೂಡಲೇ ಸಿಗುವ ಪೊಟ್ಯಾಸಿಯಂ ಮಾತ್ರ. ಖನಿಜಗಳೊಳಗೆ ಬಂಧಿಯಾಗಿರುವುದು ಹಗೇವಿನಲ್ಲಿ ಮುಚ್ಚಿಟ್ಟ ರಾಗಿಯಂತೆ, ಅದರ ಅಳತೆ ಆ ಚೀಟಿಯಲ್ಲಿ ಬರುವುದಿಲ್ಲ. ಕಪ್ಪು ಮಣ್ಣಿನಲ್ಲಿ ಆ ದಾಸ್ತಾನು ದೊಡ್ಡದು, ನಮ್ಮ ಕೆಂಪು ಮಣ್ಣಿನಲ್ಲಿ ಚಿಕ್ಕದು. ಎರಡಕ್ಕೂ "ಮಧ್ಯಮ" ಎಂಬ ಒಂದೇ ಷರಾ ಬರೆದು ಒಂದೇ ಶಿಫಾರಸು ಕೊಟ್ಟರೆ ಕೆಂಪು ಮಣ್ಣಿಗೆ ಅನ್ಯಾಯವಾಗುತ್ತದೆ.

ಹುಡುಗಿಗೆ ಅಂದು ಹೇಳಿದ್ದಿಷ್ಟು: ಅಲ್ಲಿಯ ಮಣ್ಣು ಕಲಿಸಿದ್ದನ್ನೇ ಇಲ್ಲಿ ಕುಳಿತು ಮುಂದುವರಿಸುತ್ತಿದ್ದೇನೆ, ಅದನ್ನು ಅಲ್ಲಿಗೆ ತಲುಪಿಸುವ ಕೆಲಸ ಇನ್ನೂ ಬಾಕಿ ಇದೆ. ಅವಳು ಅದನ್ನೂ ಬರೆದುಕೊಂಡಳು. ಆ ರಾತ್ರಿಯೇ ತಮ್ಮನಿಗೆ ಫೋನ್ ಮಾಡಿದೆ. ಬಹಳ ಹೊತ್ತು ವಾದ ಮಾಡಿ ಕೊನೆಗೆ ಒಪ್ಪಿದ. ಈ ಮುಂಗಾರಿಗೆ ರಾಗಿ ಹೊಲದ ಅರ್ಧಕ್ಕೆ ಪೊಟ್ಯಾಷ್ ಹಾಕುತ್ತಾನೆ, ಇನ್ನರ್ಧಕ್ಕೆ ಹಾಕುವುದಿಲ್ಲ. ಒಕ್ಕಣೆಯಾದ ಮೇಲೆ ಎರಡನ್ನೂ ಬೇರೆ ಬೇರೆ ತೂಗಬೇಕು. ಕಾಳನ್ನಷ್ಟೇ ಅಲ್ಲ, ಹುಲ್ಲನ್ನೂ ತೂಗು ಎಂದಿದ್ದೇನೆ.