ಪ್ಯಾಡಿನ ಬೆನ್ನು ಮುಟ್ಟಿ ನೋಡಿ

ಕಾರಿನ ಪೇಂಟ್ ಪಾಲಿಶ್ ಮಾಡಿ ಹೊಳಪು ತರುವ ಡೀಟೇಲಿಂಗ್ ಕೆಲಸಕ್ಕೆ ಸೇರಿ ಎರಡನೇ ವರ್ಷ. ಕಪ್ಪು ಕಾರು, ಮೈತುಂಬಾ ಸ್ವರ್ಲ್ ಗುರುತು, ಅಂದರೆ ಸುತ್ತು ಸುತ್ತಾದ ಸಣ್ಣ ಗೀರುಗಳು. ಬಾನೆಟ್ ಮುಗಿಸಿ, ಒಂದು ಫೆಂಡರ್ ಮುಗಿಸಿ, ಅದೇ ಫೋಮ್ ಪ್ಯಾಡ್ ಹಿಡಿದು ಬಾಗಿಲಿಗೆ ಬಂದಿದ್ದೆ. ಪಾಲಿಶ್ ಮಷೀನಿನ ಸದ್ದು ಸ್ವಲ್ಪ ಬದಲಾಯಿತು. ಕೈಗೆ ಒಂಥರಾ ನಡುಕ ಬಂತು. ನಿಲ್ಲಿಸೋಣ ಅಂದುಕೊಳ್ಳುವಷ್ಟರಲ್ಲಿ ಫೋಮ್ ಕಿತ್ತು ಹೋಗಿ ಗೋಡೆಗೆ ಬಡಿಯಿತು. ಪ್ಯಾಡನ್ನು ಹಿಡಿದಿಡುವ ಮಷೀನಿನ ಪ್ಲೇಟಿನಲ್ಲಿ ಉಳಿದದ್ದು ಪ್ಯಾಡಿನ ಬೆನ್ನಿಗೆ ಅಂಟಿಸಿದ್ದ ವೆಲ್ಕ್ರೋ ಪದರ ಮಾತ್ರ. ಅದು ಒಂದೇ ಒಂದು ಕ್ಷಣ ಬಾಗಿಲ ಮೇಲೆ ತಿರುಗಿತು, ಅಷ್ಟಕ್ಕೇ ಅಂಗೈ ಅಗಲದ ಗೀರು ಬಿತ್ತು.

ಗೀರು ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರವನ್ನು ದಾಟಿತ್ತು. ಕಂಪನಿಯಿಂದ ಬಂದ ಪೇಂಟಿನಲ್ಲಿ ಆ ಪದರ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ಇರುತ್ತದೆ ಅಷ್ಟೇ, ನಮ್ಮ ತಲೆಗೂದಲಿಗಿಂತ ತೆಳು. ಮಾಲೀಕರಿಗೆ ಆವತ್ತೇ ಹೇಳಿದೆವು. ಬಾಗಿಲಿಗೆ ಹೊಸದಾಗಿ ಪೇಂಟ್ ಹೊಡೆಸಬೇಕಾಯಿತು. ನಂಬಿ ಕೊಟ್ಟ ಗಾಡಿ ಅದು. ಇವತ್ತಿಗೂ ನೆನೆದರೆ ಸಂಕಟ ಆಗುತ್ತದೆ.

ನಾನು ಬಿಸಿ ನೋಡಿರಲಿಲ್ಲ ಅಂತಲ್ಲ. ಪ್ರತಿ ಭಾಗ ಮುಗಿದ ಮೇಲೆ ಪೇಂಟಿನ ಮೇಲೆ ಕೈ ಇಟ್ಟು ನೋಡುತ್ತಿದ್ದೆ, ಉಗುರುಬೆಚ್ಚಗೆ ಇತ್ತು. ಪ್ಯಾಡಿನ ಮುಖವೂ ಸುಡುತ್ತಿರಲಿಲ್ಲ. ಆದರೆ ಕಿತ್ತುಹೋದ ಮೇಲೆ ವೆಲ್ಕ್ರೋ ಮುಟ್ಟಿದರೆ ಥಟ್ಟನೆ ಕೈ ಎಳೆದುಕೊಳ್ಳುವಷ್ಟು ಬಿಸಿ. ನಡುವಿನಲ್ಲಿ ಅಂಟು ಮೆತ್ತಗಾಗಿ ಎಳೆ ಎಳೆಯಾಗಿ ಬರುತ್ತಿತ್ತು. ನಾನು ನೋಡಬೇಕಿದ್ದ ಜಾಗ ಅದು.

ಫೋಮ್ ಅಂದರೆ ಪೂರ್ತಿ ಗಾಳಿಯ ಗೂಡುಗಳು. ಬಿಸಿಯನ್ನು ಅದು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಡ್ಯುಯಲ್ ಆಕ್ಷನ್ ಮಷೀನ್ ತಿರುಗುವುದರ ಜೊತೆಗೆ ಅದುರುತ್ತಲೂ ಇರುತ್ತದೆ ಅಲ್ವಾ, ಒಂದೊಂದು ಅದುರಿಗೂ ಫೋಮ್ ಒಳಗೊಳಗೇ ಹಿಸುಕಿ, ಜಗ್ಗಿ, ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ, ನಿಮಿಷಕ್ಕೆ ಸಾವಿರಾರು ಸಲ ಹೀಗಾದರೆ ಹೊರಗಿನ ಉಜ್ಜಾಟ ಬಿಡಿ, ಫೋಮಿನ ಹೊಟ್ಟೆಯೊಳಗೇ ಕಾವು ಹುಟ್ಟುತ್ತದೆ. ಮುಖದ ಕಡೆ ಲೋಹದ ಬಾಡಿ ಇದೆ, ಅದು ಬಿಸಿಯನ್ನು ಹೀರಿ ಸುತ್ತ ಹರಡುತ್ತದೆ. ಬೆನ್ನಿನ ಕಡೆ ಅಂಟು, ವೆಲ್ಕ್ರೋ, ಪ್ಲಾಸ್ಟಿಕ್ ಪ್ಲೇಟ್. ಅಲ್ಲಿ ಸೇರಿದ ಬಿಸಿಗೆ ಹೋಗಲು ದಾರಿಯಿಲ್ಲ. ಪ್ಯಾಡ್ ನಡುವೆ ತೂತು ಬಿಡುವುದು ಇದಕ್ಕೇ. ತೆಳು ಪ್ಯಾಡ್ ದಪ್ಪ ಪ್ಯಾಡಿಗಿಂತ ತಣ್ಣಗೆ ಓಡುವುದೂ ಇದಕ್ಕೇ. 21 ಮಿಲಿಮೀಟರ್ ಥ್ರೋ (ಅದುರಿನ ಅಗಲ) ಇರುವ ಮಷೀನಿಗೆ ದಪ್ಪ ಪ್ಯಾಡ್ ಹಾಕಿ ಒತ್ತಿದರೆ ಕೇಳುವುದೇ ಬೇಡ.

ಒತ್ತುವುದೇ ನನ್ನ ದೊಡ್ಡ ತಪ್ಪಾಗಿತ್ತು. ಗೀರು ಹೋಗುತ್ತಿಲ್ಲ ಅಂದರೆ ಭುಜ ಹಾಕಿ ಒತ್ತುತ್ತಿದ್ದೆ. ಗೇರ್ ಇಲ್ಲದ ಫ್ರೀ ಸ್ಪಿನ್ ಮಷೀನನ್ನು ಜಾಸ್ತಿ ಒತ್ತಿದರೆ ಪ್ಯಾಡ್ ತಿರುಗುವುದು ನಿಂತು ಬರೀ ಅದುರುತ್ತದೆ. ಕೆಲಸ ಆಗುವುದಿಲ್ಲ, ಬಿಸಿ ಮಾತ್ರ ಏರುತ್ತದೆ. ಪ್ಲೇಟಿನ ಅಂಚಿಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಗೆರೆ ತಿರುಗುತ್ತಿದೆಯಾ ಅಂತ ಕಣ್ಣಿಟ್ಟರೆ ಸಾಕು, ನಿಂತ ತಕ್ಷಣ ಕೈ ಹಗುರ ಮಾಡಿ. ಗೇರ್ ಇರುವ ಮಷೀನ್ ಒತ್ತಿದರೂ ನಿಲ್ಲುವುದಿಲ್ಲ, ಹಾಗಾಗಿ ಅದರಲ್ಲಿ ಇನ್ನೂ ಬೇಗ ಕಾಯುತ್ತದೆ. ಗೀರು ಹೋಗದಿದ್ದರೆ ಪ್ಯಾಡ್ ಬದಲಿಸಿ, ಕಾಂಪೌಂಡ್ ಅಂದರೆ ಗೀರು ತೆಗೆಯಲು ಹಚ್ಚುವ ಪೇಸ್ಟ್ ಬದಲಿಸಿ. ಭುಜ ಬೇಡ.

ಇನ್ನೊಂದು, ಕಾಂಪೌಂಡ್ ಸುರಿದರೆ ಪ್ಯಾಡ್ ತಣ್ಣಗಿರುತ್ತದೆ ಅಂತ ನಾನು ತುಂಬಾ ದಿನ ನಂಬಿದ್ದೆ. ಸುಳ್ಳು. ಮೊದಲ ಸಲ ಪ್ಯಾಡಿನ ಮುಖಕ್ಕೆಲ್ಲ ತೆಳ್ಳಗೆ ಸವರಿಕೊಳ್ಳಬೇಕು, ಒಣ ಫೋಮ್ ಪೇಂಟ್ ಮುಟ್ಟಬಾರದು. ಆಮೇಲೆ ಕಾಳಿನಷ್ಟು ಗಾತ್ರದ ಮೂರು ನಾಲ್ಕು ಹನಿ ಸಾಕು. ಜಾಸ್ತಿ ಹಾಕಿದಷ್ಟೂ ಫೋಮ್ ಕುಡಿದು ಭಾರವಾಗುತ್ತದೆ, ಮೆತ್ತಗಾಗುತ್ತದೆ, ತಿರುಗಲು ಒದ್ದಾಡುತ್ತದೆ. ಒಂದು ಭಾಗ ಮುಗಿದ ಕೂಡಲೇ ಬ್ರಷ್ ಅಥವಾ ಗಾಳಿ ಪೈಪಿನಿಂದ ಪ್ಯಾಡ್ ಕೊಡವಿ. ಮುಗಿದ ಕಾಂಪೌಂಡ್ ಮತ್ತು ಉಜ್ಜಿ ಬಂದ ಪೇಂಟಿನ ಪುಡಿ ಸೇರಿ ಹಕ್ಕಳೆ ಕಟ್ಟುತ್ತದೆ. ಅದು ಹೊಸ ಗೀರನ್ನೂ ಹಾಕುತ್ತದೆ, ಬಿಸಿಯನ್ನೂ ಏರಿಸುತ್ತದೆ. ಗಾಳಿ ಹೊಡೆಯುವುದು ನನಗೆ ಇಷ್ಟ, ಒಂದೇ ಏಟಿಗೆ ಕೊಳೆಯೂ ಹೋಗುತ್ತದೆ, ಫೋಮೂ ತಣಿಯುತ್ತದೆ.

ಬಂಪರ್‌ನಲ್ಲಿ ಹುಷಾರು. ಪ್ಲಾಸ್ಟಿಕ್ ಲೋಹದ ಹಾಗೆ ಬಿಸಿಯನ್ನು ಹರಡಿ ಬಿಡುವುದಿಲ್ಲ, ಹಾಗಾಗಿ ಪೇಂಟೂ ಪ್ಯಾಡೂ ಎರಡೂ ಬೇಗ ಕಾಯುತ್ತವೆ. ಸ್ಪೀಡ್ ಒಂದು ಅಂಕ ಇಳಿಸಿ, ಚಿಕ್ಕ ಚಿಕ್ಕ ಭಾಗ ಮಾಡಿಕೊಂಡು ಮಾಡಿ. ಬಿಸಿಲಲ್ಲಿ ನಿಂತ ಗಾಡಿಯನ್ನು ನೆರಳಿಗೆ ತಂದು ಪೂರ್ತಿ ಆರಿದ ಮೇಲೆಯೇ ಶುರು ಮಾಡುವುದು.

ಅದುರದೆ ಬರೀ ತಿರುಗುವ ರೋಟರಿ ಮಷೀನಿನ ಕಥೆ ಬೇರೆ. ಅಲ್ಲಿ ಬಿಸಿ ಪೇಂಟಿನ ಮೇಲೇ ಏರುತ್ತದೆ, ಮಷೀನನ್ನು ಒಂದೇ ಕಡೆ ನಿಲ್ಲಿಸದೆ ಇರುವುದೇ ದಾರಿ. ನನ್ನ ದಿನದ ಕೆಲಸ ಹೆಚ್ಚೂಕಡಿಮೆ ಡ್ಯುಯಲ್ ಆಕ್ಷನ್‌ನಲ್ಲೇ, ಹಾಗಾಗಿ ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ಪ್ಲೇಟನ್ನೂ ಮರೆಯಬೇಡಿ. ಅದರ ಕೊಕ್ಕೆಗಳೂ ಪ್ಲಾಸ್ಟಿಕ್ಕೇ. ಕಾದು ಕಾದು ಮೊಂಡಾದರೆ ಪ್ಯಾಡ್ ಜಾರುತ್ತದೆ, ಜಾರಿದರೆ ಮತ್ತೆ ಬಿಸಿ. ಪ್ಯಾಡ್ ಬದಲಿಸಿದರೂ ಪ್ಲೇಟ್ ಸುಡುತ್ತಿದ್ದರೆ ಹೊಸ ಪ್ಯಾಡಿನ ಅಂಟು ಕೂಡ ಮೊದಲ ನಿಮಿಷದಿಂದಲೇ ಕಾಯಲು ಶುರುವಾಗುತ್ತದೆ. ನಾನು ಎರಡು ಪ್ಲೇಟ್ ಇಟ್ಟುಕೊಂಡಿದ್ದೇನೆ.

ಈಗ ಒಂದು ಗಾಡಿಗೆ ಗೀರು ತೆಗೆಯುವ ಕಟ್ಟಿಂಗ್ ಪ್ಯಾಡೇ ಆರು ತೆಗೆದಿಡುತ್ತೇನೆ. ಎರಡು ಭಾಗ ಮುಗಿದರೆ ಪ್ಯಾಡ್ ಬಿಚ್ಚುವುದು, ಬೆನ್ನಿನ ನಡುವೆ ಬೆರಳಿಡುವುದು. ಬೆಚ್ಚಗಿದ್ದರೆ ಮುಂದುವರಿಸುತ್ತೇನೆ, ಸುಡುತ್ತಿದ್ದರೆ ವೆಲ್ಕ್ರೋ ಮೇಲೆ ಮಾಡಿ ಮೇಜಿನ ಮೇಲೆ ಸಾಲಾಗಿ ಇಡುತ್ತೇನೆ. ಕಾದ ಪ್ಯಾಡನ್ನು ಮಷೀನಿನಲ್ಲೇ ಬಿಟ್ಟು ಹೋಗುವುದಿಲ್ಲ, ಸುಮ್ನೆ ಇದ್ದರೂ ಆ ಬಿಸಿ ಅಂಟಿನ ಮೇಲೇ ಕೂತಿರುತ್ತದೆ. ತಣ್ಣಗಾಗಲಿ ಅಂತ ನೀರಿಗೆ ಅದ್ದುವುದೂ ಇಲ್ಲ, ನೀರು ಕುಡಿದ ಫೋಮ್ ಒಣಗುವವರೆಗೆ ಕೆಲಸಕ್ಕೆ ಬರುವುದಿಲ್ಲ. ಆರನೆಯದು ಕೈಗೆ ಬರುವಷ್ಟರಲ್ಲಿ ಮೊದಲನೆಯದು ತಣ್ಣಗಾಗಿರುತ್ತದೆ. ದೊಡ್ಡ ಗಾಡಿಯಾದರೆ ಎಂಟು ಬೇಕು.